ನಿಮಗಿದು ಗೊತ್ತೇ? ಹಾಲಿವುಡ್ ಆ್ಯಕ್ಷನ್ ಚಿತ್ರಗಳಲ್ಲಿ ದಾರಿ ತಪ್ಪಿದ ಪಾತ್ರಗಳು

● ಎಕ್ಸ್-ಮೆನ್ ಕಾಮಿಕ್ಸ್‌ನ ವುಲ್ವರಿನ್ ಐದಡಿ ಮೂರಿಂಚಿನ ಕುಳ್ಳ. ಮೈತುಂಬ ರೋಮ, ಮೂಗಿನ ತುದಿಯಲ್ಲೇ ಕೋಪ, ಮುಷ್ಟಿ ಬಿಗಿದರೆ ಚಿಮ್ಮುವ ಲೋಹದ ಉಗುರು. 2000ದಲ್ಲಿ ಬಂದ ಮೊದಲ ಚಿತ್ರದಲ್ಲಿ ಆ ಪಾತ್ರ ಮಾಡಿದ ಹ್ಯೂ ಜ್ಯಾಕ್‌ಮನ್ ಆರಡಿ ದಾಟಿದ ಆಳು. ಪಾತ್ರ ಮೊದಲು ಸಿಕ್ಕಿದ್ದೂ ಅವರಿಗಲ್ಲ, ಸ್ಕಾಟ್ಲೆಂಡಿನ ಡಗ್ರೇ ಸ್ಕಾಟ್‌ಗೆ. ಸ್ಕಾಟ್ ಆಗ 'ಮಿಷನ್: ಇಂಪಾಸಿಬಲ್ 2'ರಲ್ಲಿ ಟಾಮ್ ಕ್ರೂಸ್ ಎದುರು ಖಳನಾಗಿದ್ದರು. ಆ ಚಿತ್ರೀಕರಣ ಮುಗಿಯದೆ ಎಳೆಯುತ್ತ ಹೋಯಿತು, ನಡುವೆ ಬೈಕ್ ದೃಶ್ಯದಲ್ಲಿ ಅವರಿಗೆ ಪೆಟ್ಟೂ ಆಯಿತು. ಎಕ್ಸ್-ಮೆನ್ ಚಿತ್ರೀಕರಣ ಶುರುವಾದ ಮೇಲೆ ಜ್ಯಾಕ್‌ಮನ್ ಬಂದು ಸೇರಿಕೊಂಡರು. ವುಲ್ವರಿನ್ ಹೆಸರಿನ ಪ್ರಾಣಿ ನಿಜಕ್ಕೂ ಇದೆ ಎಂಬುದು ಅವರಿಗೆ ಆಗ ಗೊತ್ತೇ ಇರಲಿಲ್ಲ. ತೋಳಗಳ ಚಲನೆಯನ್ನು ನೋಡಿ ಅಭ್ಯಾಸ ಮಾಡಿಕೊಂಡು ಸೆಟ್‌ಗೆ ಬಂದಿದ್ದರು. (ಅದು ಚಳಿನಾಡಿನ ಕಾಡುಗಳಲ್ಲಿರುವ, ನೀರುನಾಯಿಯ ಬಳಗಕ್ಕೆ ಸೇರಿದ, ತನಗಿಂತ ದೊಡ್ಡ ಪ್ರಾಣಿಗಳಿಗೂ ಹೆದರದ ಜೀವಿ.) ಎತ್ತರ ತಪ್ಪಿತು, ಪ್ರಾಣಿಯೂ ತಪ್ಪಿತು. ಆದರೂ ಆ ಪಾತ್ರಕ್ಕೆ ಅವರನ್ನು ಬಿಟ್ಟು ಇನ್ನೊಬ್ಬರನ್ನು ಅಭಿಮಾನಿಗಳು ಇಂದಿಗೂ ಊಹಿಸಿಕೊಳ್ಳಲಾರರು.

● ಇದಕ್ಕೆ ತಿರುವುಮುರುವಾದದ್ದು ಜ್ಯಾಕ್ ರೀಚರ್ ಕಥೆ. ಕಾದಂಬರಿಗಳಲ್ಲಿ ರೀಚರ್ ಆರಡಿ ಐದಿಂಚು, ನೂರು ಕಿಲೋ ಮೀರಿದ ದೇಹ, ಊಟದ ತಟ್ಟೆಯಗಲದ ಅಂಗೈ. ಸೈನ್ಯ ಬಿಟ್ಟ ಮಿಲಿಟರಿ ಪೊಲೀಸ್. ಮನೆಯಿಲ್ಲ, ಕಾರಿಲ್ಲ, ಜೇಬಿನಲ್ಲೊಂದು ಟೂತ್‌ಬ್ರಷ್. 2012ರಲ್ಲಿ ಈ ಪಾತ್ರ ಟಾಮ್ ಕ್ರೂಸ್ ಪಾಲಾಯಿತು. ಅವರ ಎತ್ತರ ಐದಡಿ ಏಳಿಂಚು.

ಲೇಖಕ ಲೀ ಚೈಲ್ಡ್ ಅವರ ನಿಜನಾಮ ಜಿಮ್ ಗ್ರಾಂಟ್. ಮ್ಯಾಂಚೆಸ್ಟರಿನ ಗ್ರನಾಡಾ ಟಿವಿಯಲ್ಲಿ ವರ್ಷಗಟ್ಟಲೆ ದುಡಿದು, 1995ರಲ್ಲಿ ಕೆಲಸ ಕಳೆದುಕೊಂಡು, ಪೆನ್ಸಿಲ್ ಕಾಗದ ಕೊಂಡು ತಂದು ಬರೆಯಲು ಕೂತವರು. ಅವರೂ ಬಹಳ ಎತ್ತರದ ಮನುಷ್ಯ. ಸೂಪರ್ ಮಾರ್ಕೆಟ್ಟಿಗೆ ಹೋದಾಗಲೆಲ್ಲ ಯಾರಾದರೂ ಅಜ್ಜಿ ಮೇಲಿನ ಅಟ್ಟಣೆಯ ಸಾಮಾನು ತೆಗೆದುಕೊಡಪ್ಪ ಎಂದು ಕೇಳುವುದು ಮಾಮೂಲಾಗಿತ್ತು. ಬರವಣಿಗೆ ಕೈಹಿಡಿಯದಿದ್ದರೆ ಅಂಗಡಿಯಲ್ಲಿ ಸಾಮಾನು ಎಟುಕಿಸಿಕೊಡುವ ಕೆಲಸವಾದರೂ ಸಿಕ್ಕೀತು ಎಂದು ಹೆಂಡತಿ ತಮಾಷೆ ಮಾಡಿದ್ದರಿಂದಲೇ ನಾಯಕನಿಗೆ ರೀಚರ್ ಎಂಬ ಹೆಸರು ಬಂತು. ಹುಟ್ಟುವಾಗಲೇ ಹೆಸರಿನಲ್ಲಿ ಎತ್ತರ ಹೊತ್ತು ಬಂದ ಪಾತ್ರವಿದು.

ಚಿತ್ರ ಬಂದಾಗ ಚೈಲ್ಡ್ ಕ್ರೂಸ್ ಪರವಾಗಿ ನಿಂತರು. ಠಾಣೆಯ ಸಾರ್ಜೆಂಟ್ ಆಗಿ ಒಂದು ದೃಶ್ಯದಲ್ಲಿ ಕಾಣಿಸಿಕೊಂಡರು ಕೂಡ. ಆರು ಕೋಟಿ ಡಾಲರ್ ಖರ್ಚಿನ ಚಿತ್ರ ಇಪ್ಪತ್ತೊಂದು ಕೋಟಿ ಮೀರಿ ಗಳಿಸಿತು, 2016ರಲ್ಲಿ ಎರಡನೇ ಭಾಗವೂ ಬಂತು. ಓದುಗರ ಮುನಿಸು ಮಾತ್ರ ಇಳಿಯಲಿಲ್ಲ. ಕೊನೆಗೆ 2018ರಲ್ಲಿ ಚೈಲ್ಡ್ ಅವರೇ ಬಿಬಿಸಿ ರೇಡಿಯೋದಲ್ಲಿ ಓದುಗರು ಹೇಳಿದ್ದು ಸರಿ, ದೇಹದ ಗಾತ್ರ ಮುಖ್ಯವೇ ಎಂದು ಒಪ್ಪಿಕೊಂಡರು. ಇನ್ನು ಕ್ರೂಸ್ ರೀಚರ್ ಆಗುವುದಿಲ್ಲ ಎಂದೂ ಹೇಳಿದರು. 2022ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಶುರುವಾದ 'ರೀಚರ್' ಸರಣಿಗೆ ಬಂದವರು ಅಲನ್ ರಿಚ್‌ಸನ್. ಬಾಗಿಲು ತುಂಬುವಂಥ ಮೈಕಟ್ಟು.

● ಹಾಗಾದರೆ ಆರಡಿಯ ವುಲ್ವರಿನ್ ಒಪ್ಪಿಗೆಯಾದದ್ದು, ಐದೂವರೆ ಅಡಿಯ ರೀಚರ್ ಒಪ್ಪಿಗೆಯಾಗದೇ ಹೋದದ್ದು ಏಕೆ? ವುಲ್ವರಿನ್ ನಿಂತಿರುವುದು ಕೋಪದ ಮೇಲೆ, ಕಳೆದುಹೋದ ನೆನಪುಗಳ ಮೇಲೆ. ಅದನ್ನು ಯಾವ ಎತ್ತರದ ನಟನೂ ಹೊತ್ತು ನಡೆಯಬಲ್ಲ. ರೀಚರ್ ಕಥೆಗಳಲ್ಲಿ ಮೈಯೇ ಕಥೆ. ಅವನು ಹೋಟೆಲಿನೊಳಗೆ ಕಾಲಿಟ್ಟರೆ ಜನ ಮಾತು ನಿಲ್ಲಿಸಿ ನೋಡುತ್ತಾರೆ, ಹೊಡೆಯಲು ಬಂದವರು ಒಂದು ಗಳಿಗೆ ಲೆಕ್ಕ ಹಾಕುತ್ತಾರೆ. ಮೊದಲ ಚಿತ್ರದಲ್ಲಿ ಬಾರಿನ ಹೊರಗೆ ಐವರು ಹುಡುಗರು ಅಡ್ಡಗಟ್ಟುವ ದೃಶ್ಯವನ್ನು ಗಮನವಿಟ್ಟು ನೋಡಿ: ಹೊಡೆದಾಟ ಹೇಗೆ ಶುರುವಾಗಿ ಹೇಗೆ ಮುಗಿಯುತ್ತದೆ, ಯಾರು ಮೊದಲು ಬೀಳುತ್ತಾರೆ, ಯಾರು ಓಡುತ್ತಾರೆ ಎಂದು ಕ್ರೂಸ್ ಬಾಯಿಬಿಟ್ಟು ವಿವರಿಸಬೇಕಾಗುತ್ತದೆ. ಹೊಡೆದಾಟ ಚೆನ್ನಾಗಿದೆ, ಕ್ರೂಸ್ ಮೈಮುರಿದು ಮಾಡಿದ್ದಾರೆ, ಕಾರಿನ ದೃಶ್ಯಗಳಲ್ಲಿ ಸ್ವತಃ ಸ್ಟಿಯರಿಂಗ್ ಹಿಡಿದಿದ್ದಾರೆ. ಆದರೂ ಸುಮ್ಮನೆ ನಿಂತೇ ಹೆದರಿಸುವ ಮನುಷ್ಯನೊಬ್ಬ ಆ ಚೌಕಟ್ಟಿನಲ್ಲಿ ಇಲ್ಲ. ಪ್ರತಿ ಪಾತ್ರಕ್ಕೂ ಒಂದು ಜೀವನಾಡಿ ಇರುತ್ತದೆ. ಮಿಕ್ಕದ್ದನ್ನು ಎಷ್ಟು ಬೇಕಾದರೂ ಬದಲಿಸಿ, ಜನ ಸಹಿಸುತ್ತಾರೆ. ಅದೊಂದನ್ನು ಮುಟ್ಟಿದರೆ ಸಹಿಸುವುದಿಲ್ಲ.

● ಕಾಮಿಕ್ಸ್ ಲೋಕದ ಡೆಡ್‌ಪೂಲ್‌ನ ಜೀವನಾಡಿ ಅವನ ಬಾಯಿ. ಹೊಡೆಯುತ್ತಲೂ ಮಾತು, ಹೊಡೆಸಿಕೊಳ್ಳುತ್ತಲೂ ಮಾತು, ಓದುಗರ ಜತೆಗೂ ಮಾತು. 2009ರ 'ಎಕ್ಸ್-ಮೆನ್ ಆರಿಜಿನ್ಸ್: ವುಲ್ವರಿನ್' ಚಿತ್ರ ಅವನಿಗೇನು ಮಾಡಿತು ಗೊತ್ತೇ? ತುಟಿಗಳನ್ನೇ ಹೊಲಿದುಬಿಟ್ಟಿತು! ಕೊನೆಯ ಕಾಳಗದಲ್ಲಿ ಬರುವ ಆ ಜೀವಿಗೆ ಬಾಯಿಯಿಲ್ಲ, ಕೆಂಪು ಉಡುಪಿಲ್ಲ. ಮುಂಗೈಯಿಂದ ಕತ್ತಿ ಹೊರಬರುತ್ತದೆ, ಕಣ್ಣಿನಿಂದ ಕಿರಣ ಚಿಮ್ಮುತ್ತದೆ. ನಟ ರಯಾನ್ ರೆನಾಲ್ಡ್ಸ್ ಆ ಪಾತ್ರವನ್ನು ಮನಸಾರೆ ಪ್ರೀತಿಸುತ್ತಿದ್ದವರು. ಸರಿಯಾದ ಡೆಡ್‌ಪೂಲ್‌ಗಾಗಿ ವರ್ಷಗಟ್ಟಲೆ ಸ್ಟುಡಿಯೋ ಬಾಗಿಲು ತಟ್ಟಿದರು. ಪರೀಕ್ಷೆಗೆಂದು ಮಾಡಿಟ್ಟಿದ್ದ ಕೆಲವು ನಿಮಿಷಗಳ ತುಣುಕು 2014ರಲ್ಲಿ ಇಂಟರ್ನೆಟ್ಟಿಗೆ ಸೋರಿಕೆಯಾಯಿತು, ಜನ ಮುಗಿಬಿದ್ದು ನೋಡಿದರು, ಕೆಲವೇ ವಾರಗಳಲ್ಲಿ ಸ್ಟುಡಿಯೋ ಒಪ್ಪಿತು. 2016ರಲ್ಲಿ ಬಂದ 'ಡೆಡ್‌ಪೂಲ್'ಗೆ ಆದ ಖರ್ಚು ಸುಮಾರು 5.8 ಕೋಟಿ ಡಾಲರ್, ಗಳಿಕೆ 78 ಕೋಟಿ. ಎರಡನೇ ಭಾಗದ ಕೊನೆಯಲ್ಲಿ ಡೆಡ್‌ಪೂಲ್ ಕಾಲದಲ್ಲಿ ಹಿಂದಕ್ಕೆ ಹೋಗಿ 2009ರ ಆ ಬಾಯಿಲ್ಲದ ಡೆಡ್‌ಪೂಲ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅಲ್ಲಿಗೂ ನಿಲ್ಲದೆ, 'ಗ್ರೀನ್ ಲ್ಯಾಂಟರ್ನ್' ಚಿತ್ರಕಥೆ ಹಿಡಿದು ಖುಷಿಪಡುತ್ತ ಕೂತ ರೆನಾಲ್ಡ್ಸ್‌ರನ್ನೂ ಬಿಡುವುದಿಲ್ಲ. 20 ಕೋಟಿ ಡಾಲರ್ ಸುರಿದು 2011ರಲ್ಲಿ ತೆಗೆದ ಆ ಚಿತ್ರದಲ್ಲಿ ನಾಯಕನ ಹಸಿರು ಉಡುಪು ಬಟ್ಟೆಯದಲ್ಲ, ಪೂರ್ತಿ ಕಂಪ್ಯೂಟರ್‌ನಲ್ಲಿ ಬರೆದದ್ದು.

● ಬ್ರಿಟನ್ನಿನ '2000 ಎಡಿ' ಕಾಮಿಕ್ಸ್‌ನಲ್ಲಿ ಜಡ್ಜ್ ಡ್ರೆಡ್ ಹುಟ್ಟಿದ್ದು 1977ರಲ್ಲಿ. ಪೊಲೀಸನೂ ಅವನೇ, ನ್ಯಾಯಾಧೀಶನೂ ಅವನೇ, ಶಿಕ್ಷೆ ಕೊಡುವವನೂ ಅವನೇ. ಹೆಲ್ಮೆಟ್ ತೆಗೆದು ಮುಖ ತೋರಿಸಿದವನಲ್ಲ. ಕಾನೂನಿಗೆ ಮುಖವಿಲ್ಲ ಎಂಬುದೇ ಆ ಪಾತ್ರದ ಭಯಾನಕ ಸತ್ಯ. 1995ರಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಡ್ರೆಡ್ ಆದರು. ಅಷ್ಟು ದೊಡ್ಡ ತಾರೆಯ ಮುಖ ಮುಚ್ಚಿಡುವ ಧೈರ್ಯ ಯಾರಿಗಿತ್ತು? ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೇ ಹೆಲ್ಮೆಟ್ ಇಳಿಯಿತು, ಮುಂದಿನ ಬಹುಪಾಲು ಬರಿದಲೆಯಲ್ಲೇ ನಡೆಯಿತು. ಉಡುಪು ವಿನ್ಯಾಸ ಮಾಡಿದವರು ಇಟಲಿಯ ಜಿಯಾನಿ ವರ್ಸಾಚೆ.

2012ರ 'ಡ್ರೆಡ್' ಚಿತ್ರದಲ್ಲಿ ಕಾರ್ಲ್ ಅರ್ಬನ್ ಮೊದಲಿನಿಂದ ಕೊನೆವರೆಗೆ ಹೆಲ್ಮೆಟ್ ತೆಗೆಯಲಿಲ್ಲ. ಪ್ರೇಕ್ಷಕರಿಗೆ ಕಾಣುವುದು ಗಲ್ಲ ಮತ್ತು ಕೆಳಗಿಳಿದ ತುಟಿ, ಅಷ್ಟೇ. ಅಷ್ಟರಲ್ಲೇ ಬೇಸರ, ದಣಿವು, ಸಣ್ಣ ಮೆಚ್ಚುಗೆ ಎಲ್ಲವನ್ನೂ ತೋರಿಸಿದ ಅವರ ಅಭಿನಯ ನನ್ನ ಪಾಲಿಗೆ ಈ ಇಡೀ ಪ್ರಕಾರದ ಅತ್ಯುತ್ತಮ ಕೆಲಸಗಳಲ್ಲೊಂದು. ಅಲೆಕ್ಸ್ ಗಾರ್ಲೆಂಡ್ ಬರೆದ ಕಥೆಯೂ ಬಿಗಿ: ಒಂದು ಬಹುಮಹಡಿ ಕಟ್ಟಡ, ಒಂದು ದಿನ. ವಿಮರ್ಶಕರು ಹೊಗಳಿದರು. ಚಿತ್ರಮಂದಿರದಲ್ಲಿ ಮಾತ್ರ ಗಳಿಸಿದ್ದು ನಾಲ್ಕು ಕೋಟಿ ಡಾಲರ್ ಆಸುಪಾಸು, ಹಾಕಿದ ಹಣಕ್ಕೆ ಏನೇನೂ ಸಾಲದು. ಸ್ಟಲೋನ್ ಚಿತ್ರ ಕಂಡ ಜನ ಈ ಹೆಸರಿಗೇ ಬೆನ್ನು ತಿರುಗಿಸಿದ್ದರು ಎಂದು ನನ್ನ ನಂಬಿಕೆ. ಕೆಟ್ಟ ರೂಪಾಂತರ ತಾನೊಂದೇ ಮುಳುಗುವುದಿಲ್ಲ, ಆಮೇಲೆ ಬರುವ ಒಳ್ಳೆಯದನ್ನೂ ಎಳೆದುಕೊಂಡೇ ಹೋಗುತ್ತದೆ.

● 2004ರ 'ಕ್ಯಾಟ್‌ವುಮನ್'ನಲ್ಲಿ ಬ್ಯಾಟ್‌ಮನ್ ಇಲ್ಲ, ಗಾಥಮ್ ನಗರವಿಲ್ಲ, ಮೂಲದ ಸೆಲೀನಾ ಕೈಲ್ ಕೂಡ ಇಲ್ಲ. ನಾಯಕಿಯ ಹೆಸರೇ ಬೇರೆ. ಅತಿ ಕೆಟ್ಟ ಅಭಿನಯಕ್ಕೆ ಕೊಡುವ ರ‍್ಯಾಜಿ ಪ್ರಶಸ್ತಿ ಹ್ಯಾಲಿ ಬೆರಿಗೆ ಬಂದಾಗ, ಅವರು ಸ್ವತಃ ವೇದಿಕೆಗೆ ಹೋಗಿ, ಒಂದು ಕೈಯಲ್ಲಿ ತಮ್ಮ ಆಸ್ಕರ್ ಹಿಡಿದು, ಇನ್ನೊಂದರಲ್ಲಿ ಅದನ್ನು ಪಡೆದರು. ಆ ದಿಟ್ಟತನಕ್ಕೆ ಕೈಮುಗಿಯಬೇಕು.

● ಎಂ. ನೈಟ್ ಶ್ಯಾಮಲನ್ ಹುಟ್ಟಿದ್ದು 1970ರಲ್ಲಿ, ನಮ್ಮ ಪಶ್ಚಿಮ ಕರಾವಳಿಯ ಮಾಹೆಯಲ್ಲಿ. ಅಮೆರಿಕದಲ್ಲಿ ಬೆಳೆದು ಹೆಸರಾದ ಆ ನಿರ್ದೇಶಕ 2010ರಲ್ಲಿ 'ದಿ ಲಾಸ್ಟ್ ಏರ್‌ಬೆಂಡರ್' ತೆಗೆದರು. ಮೂಲ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್', 61 ಕಂತುಗಳ ಅನಿಮೇಷನ್ ಸರಣಿ. ಗಾಳಿ, ನೀರು, ಮಣ್ಣು, ಬೆಂಕಿಯನ್ನು ಪಳಗಿಸಬಲ್ಲ ನಾಲ್ಕು ಜನಾಂಗಗಳು; ಚೀನಾ, ಟಿಬೆಟ್, ಜಪಾನ್, ಭಾರತ, ಆರ್ಕ್ಟಿಕ್‌ನ ಇನುಯಿಟ್ ಬದುಕು ಎಲ್ಲವನ್ನೂ ನೇಯ್ದು ಕಟ್ಟಿದ ಲೋಕ. ಜೇಮ್ಸ್ ಕ್ಯಾಮರೂನ್ ಚಿತ್ರ ಆ ಹೆಸರನ್ನು ತೆಗೆದುಕೊಂಡಿದ್ದರಿಂದ ಶೀರ್ಷಿಕೆಯಿಂದ 'ಅವತಾರ್' ಬಿದ್ದುಹೋಯಿತು.

ಬಿದ್ದದ್ದು ಅದೊಂದೇ ಆಗಿದ್ದರೆ ಚೆನ್ನಾಗಿತ್ತು. ಮೂವರು ನಾಯಕ ಪಾತ್ರಗಳಿಗೂ ಬಿಳಿಯ ನಟರು ಬಂದರು. ಅಗ್ನಿರಾಜ್ಯದ ಎದುರಾಳಿಗಳಾಗಿ ದೇವ್ ಪಟೇಲ್, ಮುಂಬಯಿಯಲ್ಲಿ ಹುಟ್ಟಿದ ಆಸಿಫ್ ಮಾಂಡ್ವಿ, ಇರಾನಿನ ಮೂಲದ ಶಾನ್ ಟೌಬ್ ಬಂದರು. ಏಷ್ಯಾದ ಕಥೆಯಲ್ಲಿ ಲೋಕ ಉಳಿಸುವವರು ಬಿಳಿಯರು, ಉರಿಸುವವರು ಕಂದುಬಣ್ಣದವರು! ದೇವ್ ಪಟೇಲ್ ಪಾತ್ರಕ್ಕೂ ಮೊದಲು ಗೊತ್ತಾಗಿದ್ದವರು ಗಾಯಕ ಜೆಸ್ಸಿ ಮೆಕಾರ್ಟ್ನಿ. ಚಿತ್ರೀಕರಣಕ್ಕೆ ಮುನ್ನವೇ ಅಭಿಮಾನಿಗಳು ಪತ್ರ ಬರೆದರು, ಪ್ರತಿಭಟಿಸಿದರು. ಕೇಳಿದವರಿಲ್ಲ.

ಒಂದು ದೃಶ್ಯ ಸಾಕು, ಇಡೀ ಚಿತ್ರದ ಸೋಲು ತಿಳಿಯಲು. ಮೂಲ ಸರಣಿಯಲ್ಲಿ ಮಣ್ಣು ಪಳಗಿಸುವವರನ್ನು ಶತ್ರುಗಳು ಸಮುದ್ರದ ನಡುವೆ, ಕಬ್ಬಿಣದ ಅಟ್ಟಣೆಯ ಮೇಲೆ ಸೆರೆಯಿಡುತ್ತಾರೆ. ಕಾಲಡಿ ಹಿಡಿ ಮಣ್ಣೂ ಇರಬಾರದಲ್ಲ! ಸೆರೆಯಾಳುಗಳ ಮನಸ್ಸು ಕುಸಿದಿರುವುದಕ್ಕೆ ಅದೇ ಕಾರಣ. ಚಿತ್ರದಲ್ಲಿ ಅದೇ ಜನರ ಸೆರೆಮನೆ ಇರುವುದು ಮಣ್ಣು ಬಂಡೆಗಳ ನಡುವೆ. ನಾಯಕ ಆಂಗ್ ಬಂದು ನಿಮ್ಮ ಕಾಲ ಕೆಳಗೇ ಮಣ್ಣಿದೆಯಲ್ಲ ಎಂದು ನೆನಪಿಸಬೇಕು. ಆಮೇಲೆ ಆರು ಮಂದಿ ಸಾಲಾಗಿ ನಿಂತು ಕಾಲು ಬಡಿದು, ಕೈ ತಿರುಗಿಸಿ, ದೀರ್ಘವಾದ ಕವಾಯತು ಮಾಡುತ್ತಾರೆ. ಕೊನೆಗೆ ಒಂದು ಸಾಧಾರಣ ಗಾತ್ರದ ಕಲ್ಲು ಮೆಲ್ಲನೆ ತೇಲಿ ಹೋಗುತ್ತದೆ. 20 ಕಂತುಗಳ ಮೊದಲ ಭಾಗವನ್ನು 103 ನಿಮಿಷಕ್ಕೆ ಹಿಂಡಿದಾಗ ಹೋದದ್ದು ಈ ಬಗೆಯ ಕಾರಣಗಳು. ಉಳಿದದ್ದು ಘಟನೆಗಳ ಪಟ್ಟಿ. ಚಿತ್ರಕ್ಕೆ ಐದು ರ‍್ಯಾಜಿ ಬಂದವು, 3ಡಿಯ ದುರ್ಬಳಕೆಗೆಂದೇ ಕೊಟ್ಟ ಒಂದನ್ನೂ ಸೇರಿಸಿ. ಯೋಜಿಸಿದ್ದ ಮುಂದಿನ ಎರಡು ಭಾಗಗಳು ಬರಲೇ ಇಲ್ಲ.

● ಚಿತ್ರಕಥೆ ಬರೆದವರೇ ಕ್ಷಮೆ ಕೇಳಿದ್ದನ್ನು ಕಂಡಿದ್ದೀರಾ? 2009ರ 'ಡ್ರ್ಯಾಗನ್‌ಬಾಲ್ ಎವಲ್ಯೂಷನ್' ಬರೆದ ಬೆನ್ ರಾಮ್ಸಿ 2016ರಲ್ಲಿ ಅಭಿಮಾನಿಗಳ ಮುಂದೆ ತಲೆಬಾಗಿದರು. ದೊಡ್ಡ ಸಂಭಾವನೆಯ ಆಸೆಗೆ ಬರೆದೆ, ಅಭಿಮಾನಿಯಾಗಿ ಬರೆಯಲಿಲ್ಲ ಎಂದು ನೇರವಾಗಿ ಒಪ್ಪಿಕೊಂಡರು. ಮೂಲದ ಗೋಕು ಕಾಡಿನಲ್ಲಿ ಒಂಟಿಯಾಗಿ ಬೆಳೆದ, ಬಾಲವಿರುವ, ಲೋಕದ ಕಪಟ ತಿಳಿಯದ ಹುಡುಗ. ಚೀನಾದ ಪುರಾತನ ಕಥೆಯ ವಾನರರಾಜನ ನೆರಳು ಅವನ ಮೇಲಿದೆ. ಚಿತ್ರದಲ್ಲಿ ಅವನು ಅಮೆರಿಕದ ಹೈಸ್ಕೂಲಿನಲ್ಲಿ ಸಹಪಾಠಿಗಳ ಕಾಟ ಸಹಿಸುವ ವಿದ್ಯಾರ್ಥಿ. ಆದರೆ ಈ ಸೋಲಿನಿಂದ ಒಂದು ಒಳಿತೂ ಆಯಿತು. ಡ್ರ್ಯಾಗನ್‌ಬಾಲ್ ಸಹವಾಸ ಮುಗಿಯಿತು ಎಂದುಕೊಂಡಿದ್ದ ಸೃಷ್ಟಿಕರ್ತ ಅಕಿರಾ ತೊರಿಯಾಮಾ, ತಾವು ಸೂಚಿಸಿದ್ದನ್ನು ಹಾಲಿವುಡ್ ಕಿವಿಗೆ ಹಾಕಿಕೊಳ್ಳದ್ದು ಕಂಡು ಬೇಸತ್ತು, ಮತ್ತೆ ಆ ಲೋಕಕ್ಕೆ ಮರಳಿದರು. 2013ರ 'ಬ್ಯಾಟಲ್ ಆಫ್ ಗಾಡ್ಸ್', ಆಮೇಲೆ 'ಡ್ರ್ಯಾಗನ್‌ಬಾಲ್ ಸೂಪರ್' ಬಂದವು. 2024ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಅವರು ಆ ಲೋಕವನ್ನು ಬಿಡಲಿಲ್ಲ.

● 'ಗಾಡ್ಸ್ ಆಫ್ ಈಜಿಪ್ಟ್' ತೆರೆಕಂಡದ್ದು 2016ರ ಫೆಬ್ರುವರಿಯಲ್ಲಿ. ಈಜಿಪ್ಟಿನ ದೇವತೆಗಳಾಗಿ ಬಹುತೇಕ ಬಿಳಿಯರನ್ನೇ ಹಾಕಿದ್ದಕ್ಕೆ ನಿರ್ದೇಶಕರೂ ಸ್ಟುಡಿಯೋವೂ ಕ್ಷಮೆ ಕೇಳಿದ್ದು 2015ರ ನವೆಂಬರ್‌ನಲ್ಲಿ. ಬಿಡುಗಡೆಗೆ ಮೊದಲೇ!

● ಜಪಾನಿನ ಮಸಾಮುನೆ ಶಿರೋ 1989ರಲ್ಲಿ ಆರಂಭಿಸಿದ ಮಂಗಾ 'ಘೋಸ್ಟ್ ಇನ್ ದಿ ಶೆಲ್'. ಹಾಲಿವುಡ್ 2017ರಲ್ಲಿ ಅದರ ನಾಯಕಿಯಾಗಿ ಸ್ಕಾರ್ಲೆಟ್ ಜೊಹಾನ್ಸನ್‌ರನ್ನು ತಂದಾಗ ದೊಡ್ಡ ವಾದವೆದ್ದಿತು. 1995ರ ಪ್ರಸಿದ್ಧ ಅನಿಮೇಷನ್ ಚಿತ್ರದ ನಿರ್ದೇಶಕ ಮಮೊರು ಒಶಿಯಿ ಮಾತ್ರ ಜೊಹಾನ್ಸನ್ ಪರ ನಿಂತರು. ನಾಯಕಿಯ ಮೈ ಕಾರ್ಖಾನೆಯಲ್ಲಿ ತಯಾರಾದದ್ದು, ಅದಕ್ಕೆ ಇಂಥದ್ದೇ ಜನಾಂಗದ ಚಹರೆ ಬೇಕೆಂದಿಲ್ಲ ಎಂಬುದು ಅವರ ವಾದ. ಒಪ್ಪಬಹುದಾದ ಮಾತೇ. ಆದರೆ ಚಿತ್ರವೇ ಆ ವಾದವನ್ನು ಮುರಿಯಿತು. ಕಥೆಯ ಕೊನೆಕೊನೆಗೆ ಬಯಲಾಗುವ ರಹಸ್ಯವೆಂದರೆ, ಆ ಬಿಳಿ ದೇಹದೊಳಗಿನ ಮಿದುಳು ಮೊಟೊಕೊ ಎಂಬ ಜಪಾನಿ ಹುಡುಗಿಯದು. ಜಪಾನಿ ಹುಡುಗಿಯನ್ನು ಅಳಿಸಿ ಬಿಳಿ ಮೈ ತೊಡಿಸಿದ್ದೇ ಕಥೆಯೊಳಗಿನ ಅಪರಾಧ. ಕ್ಯಾಮರಾದ ಹಿಂದೆಯೂ ನಡೆದದ್ದು ಅದೇ ಅಲ್ಲವೇ? 11 ಕೋಟಿ ಡಾಲರ್ ಖರ್ಚಿಗೆ ಜಗತ್ತಿನಾದ್ಯಂತ ಬಂದದ್ದು 17 ಕೋಟಿಯ ಒಳಗೆ. ಚಿತ್ರಮಂದಿರಗಳ ಪಾಲು, ಪ್ರಚಾರದ ವೆಚ್ಚ ಕಳೆದರೆ ಅದು ನಷ್ಟದ ಲೆಕ್ಕ.

● ಆ್ಯಕ್ಷನ್ ಚಿತ್ರವಲ್ಲ, ಆದರೂ ನಮ್ಮ ಮಗ್ಗುಲಲ್ಲೇ ನಡೆದದ್ದರಿಂದ ಹೇಳಬೇಕು. ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರದ ಗುಹೆಗಳ ಭಾಗ ತೆಗೆದದ್ದು ಮಾಗಡಿ ಬಳಿಯ ಸಾವನದುರ್ಗದಲ್ಲಿ. ಅದರಲ್ಲಿ ಬ್ರಾಹ್ಮಣ ಪ್ರೊಫೆಸರ್ ಗೋಡಬೋಲೆ ಆಗಿ ಬಣ್ಣ ಬಳಿದುಕೊಂಡು ಬಂದವರು ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್. ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ಅದೇ ಚಿತ್ರದಲ್ಲಿದ್ದರು. ಭಾರತೀಯ ನಟರು ಸಿಗಲಿಲ್ಲ ಎನ್ನುವಂತಿರಲಿಲ್ಲ.

● 2017ರ ಆಗಸ್ಟ್‌ನಲ್ಲಿ ಇಂಗ್ಲಿಷ್ ನಟ ಎಡ್ ಸ್ಕ್ರೈನ್‌ಗೆ ಆಗ ತಯಾರಾಗುತ್ತಿದ್ದ 'ಹೆಲ್‌ಬಾಯ್' ಚಿತ್ರದಲ್ಲಿ ಬೆನ್ ಡೈಮಿಯೊ ಪಾತ್ರ ಸಿಕ್ಕಿತು. ಡೈಮಿಯೊ ಜಪಾನಿ ಮೂಲದವನು ಎಂದು ಓದುಗರು ಎತ್ತಿ ತೋರಿಸಿದರು. ಕೆಲವೇ ದಿನಗಳಲ್ಲಿ ಸ್ಕ್ರೈನ್ ತಾವಾಗಿಯೇ ಪಾತ್ರ ಬಿಟ್ಟರು. ಅದು ಕೊರಿಯಾ ಮೂಲದ ಡೇನಿಯಲ್ ಡೇ ಕಿಮ್‌ಗೆ ಹೋಯಿತು. ದೊಡ್ಡ ಬ್ಯಾನರಿನ ಪಾತ್ರವನ್ನು ಹೀಗೆ ಕೈಯಾರೆ ಬಿಟ್ಟುಕೊಟ್ಟ ನಟರು ಕಡಿಮೆ.

● 'ಪ್ರಿನ್ಸ್ ಆಫ್ ಪರ್ಷಿಯಾ' ಗೇಮ್ ಆಡಿದವರಿಗೆ ಆ ರಾಜಕುಮಾರನ ಓಟ ನೆನಪಿರಬೇಕು. ಬಿಳಿ ಬಟ್ಟೆ, ಅಂಚಿಗೆ ಜೋತುಬಿದ್ದು ಮೇಲೇರುವ ರೀತಿ, ನಿಜವಾದ ಮೈಭಾರ. 1989ರಲ್ಲಿ ಬಂದ ಆ ಗೇಮ್‌ಗಾಗಿ ಜೋರ್ಡನ್ ಮೆಕ್ನರ್ ತಮ್ಮ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಕಾರು ನಿಲ್ಲಿಸುವ ಬಯಲಿನಲ್ಲಿ ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಚೌಕಟ್ಟು ಚೌಕಟ್ಟಾಗಿ ಅದರ ಮೇಲೆ ಗೆರೆ ಎಳೆದಿದ್ದರು. ಕತ್ತಿವರಸೆಗೆ ಮಾದರಿ 1938ರ ಎರಲ್ ಫ್ಲಿನ್ ಅವರ ರಾಬಿನ್‌ಹುಡ್ ಚಿತ್ರ. ಹಾಲಿವುಡ್‌ನಿಂದ ಕಲಿತು ಹುಟ್ಟಿದ ಗೇಮ್ ಅದು! 2010ರಲ್ಲಿ ಅದೇ ಹಾಲಿವುಡ್ ಸುಮಾರು 20 ಕೋಟಿ ಡಾಲರ್ ಹಾಕಿ ಚಿತ್ರ ಮಾಡಿದಾಗ ಪರ್ಷಿಯಾದ ರಾಜಕುಮಾರನಾದವರು ಜೇಕ್ ಜಿಲೆನ್‌ಹಾಲ್. ಒಳ್ಳೆಯ ನಟ, ಇರಾನಿಗೂ ಅವರಿಗೂ ಸಂಬಂಧವಿಲ್ಲ. ಆ ಪಾತ್ರ ತನಗೆ ಹೊಂದುವಂಥದ್ದಾಗಿರಲಿಲ್ಲ ಎಂಬರ್ಥದಲ್ಲಿ ಮುಂದೆ ಅವರೇ ಮಾತಾಡಿದರು. ಖಳನಾದವರು ಬೆನ್ ಕಿಂಗ್ಸ್‌ಲಿ, ಹುಟ್ಟುಹೆಸರು ಕೃಷ್ಣ ಭಾನ್‌ಜಿ.

● ಬಿಡುಗಡೆ ಮಾಡುವ ಉದ್ದೇಶವೇ ಇಲ್ಲದೆ ಸಿನಿಮಾ ತೆಗೆಯುತ್ತಾರೆಯೇ? ಕಾಮಿಕ್ಸ್, ಕಾದಂಬರಿಗಳ ಹಕ್ಕು ಕೊಂಡವರು ಗಡುವಿನೊಳಗೆ ಚಿತ್ರ ಆರಂಭಿಸದಿದ್ದರೆ ಹಕ್ಕು ಮೂಲದವರಿಗೆ ವಾಪಸಾಗುತ್ತದೆ. 'ಫೆಂಟಾಸ್ಟಿಕ್ ಫೋರ್' ಹಕ್ಕು ಜರ್ಮನಿಯ ನಿರ್ಮಾಪಕ ಬೆರ್ಂಡ್ ಐಶಿಂಗರ್ ಕೈಯಲ್ಲಿತ್ತು, ಗಡುವು ಹತ್ತಿರ ಬಂದಿತ್ತು. ಕಡಿಮೆ ಖರ್ಚಿನ ಚಿತ್ರಗಳಿಗೆ ಹೆಸರಾದ ರಾಜರ್ ಕಾರ್ಮನ್ ಜತೆ ಸೇರಿ, ಸುಮಾರು ಹತ್ತು ಲಕ್ಷ ಡಾಲರ್‌ನಲ್ಲಿ ಚಿತ್ರ ಮುಗಿಸಿದರು. ನಟರು ಮೈಮರೆತು ದುಡಿದಿದ್ದರು, ಪ್ರಚಾರಕ್ಕೆಂದು ಊರೂರು ಸುತ್ತಿದ್ದರು. ಚಿತ್ರ ತೆರೆಗೆ ಬರಲೇ ಇಲ್ಲ. ಇಂದಿಗೂ ಅದನ್ನು ನೋಡಿದವರೆಲ್ಲ ಕಳ್ಳಪ್ರತಿಯಲ್ಲಿ ನೋಡಿದವರು.

2015ರ 'ಫೆಂಟಾಸ್ಟಿಕ್ ಫೋರ್' ಬಂದಾಗಲೂ ಹಕ್ಕು ಉಳಿಸಿಕೊಳ್ಳುವ ಅವಸರದ ಮಾತೇ ಕೇಳಿಬಂತು. ರೀಶೂಟ್ ಎಷ್ಟು ನಡೆಯಿತೆಂದರೆ ಕೇಟ್ ಮಾರಾ ಅವರ ತಲೆಗೂದಲು ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತದೆ. ಹೊಸದಾಗಿ ತೆಗೆದ ಭಾಗಗಳಲ್ಲಿ ವಿಗ್ ಎದ್ದು ಕಾಣುತ್ತದೆ. ನನ್ನ ಮನಸ್ಸಿನಲ್ಲಿದ್ದ ಒಳ್ಳೆಯ ಚಿತ್ರ ನಿಮಗೆ ಸಿಗುವುದಿಲ್ಲ ಎಂಬರ್ಥದ ಟ್ವೀಟ್ ಅನ್ನು ನಿರ್ದೇಶಕ ಜೋಶ್ ಟ್ರ್ಯಾಂಕ್ ಬಿಡುಗಡೆಯ ಹೊತ್ತಿನಲ್ಲೇ ಹಾಕಿ, ಆಮೇಲೆ ಅಳಿಸಿದರು. ಒಳ್ಳೆಯ ಕಥೆಗಳು ಕೆಡುವುದು ಎಷ್ಟೋ ಸಲ ಇಲ್ಲಿಯೇ, ವಕೀಲರ ಮೇಜಿನ ಮೇಲೆ.

● ಅಭಿಮಾನಿಗಳ ಕೂಗು ಯಾವಾಗಲೂ ಸರಿಯೇ? ಇಲ್ಲ. ಮೈಕೆಲ್ ಕೀಟನ್ ಬ್ಯಾಟ್‌ಮನ್ ಆಗುತ್ತಾರೆ ಎಂದಾಗ ವಾರ್ನರ್ ಬ್ರದರ್ಸ್‌ಗೆ ಬಂದ ವಿರೋಧದ ಪತ್ರಗಳು ಸುಮಾರು 50,000. 1989ರಲ್ಲಿ ಚಿತ್ರ ಬಂದ ಮೇಲೆ ಅವರೇ ಮೆಚ್ಚಿನ ಬ್ಯಾಟ್‌ಮನ್. ಹೊಂಬಣ್ಣದ ಕೂದಲಿನ ಡೇನಿಯಲ್ ಕ್ರೇಗ್ ಬಾಂಡ್ ಆಗಬಾರದೆಂದು ವೆಬ್‌ಸೈಟೇ ಶುರುವಾಯಿತು. 2005ರಲ್ಲಿ ಥೇಮ್ಸ್ ನದಿಯಲ್ಲಿ ದೋಣಿಯೇರಿ ಬಂದಾಗ ಲೈಫ್ ಜಾಕೆಟ್ ಹಾಕಿದ್ದಕ್ಕೂ ಪತ್ರಿಕೆಗಳು ಆಡಿಕೊಂಡವು. ಮರುವರ್ಷ 'ಕ್ಯಾಸಿನೊ ರಾಯಲ್' ಬಂತು, ಎಲ್ಲರ ಬಾಯಿ ಮುಚ್ಚಿತು. ಹೀತ್ ಲೆಡ್ಜರ್ ಜೋಕರ್ ಆಗುವುದೂ ಎಷ್ಟೋ ಮಂದಿಗೆ ಬೇಡವಾಗಿತ್ತು. ಪಾತ್ರದ ತಿರುಳನ್ನು ಅವರು ಎಷ್ಟು ಆಳಕ್ಕಿಳಿದು ಹಿಡಿದರೆಂದರೆ ಮರಣೋತ್ತರ ಆಸ್ಕರ್ ಬಂತು.

ಟಾಮ್ ಕ್ರೂಸ್ ಈ ಸಾಲಿನಲ್ಲೂ ಇದ್ದಾರೆ! 'ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್' ಚಿತ್ರಕ್ಕೆ ಅವರು ಆಯ್ಕೆಯಾದಾಗ ಬಹಿರಂಗವಾಗಿ ಸಿಡಿದೆದ್ದವರು ಕಾದಂಬರಿಕಾರ್ತಿ ಆ್ಯನ್ ರೈಸ್ ಸ್ವತಃ. 1994ರಲ್ಲಿ ಚಿತ್ರ ನೋಡಿದ ಮೇಲೆ ಅವರೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕ್ರೂಸ್‌ರನ್ನು ಕೊಂಡಾಡಿದರು.

● 'ವರ್ಲ್ಡ್ ವಾರ್ ಝಡ್' (2013): ಮೂಲದಲ್ಲಿ ಯುದ್ಧ ಮುಗಿದ ಮೇಲೆ ಬದುಕುಳಿದವರು ಹೇಳಿದ ನೆನಪುಗಳ ಸಂಗ್ರಹ, ನಾಯಕನೇ ಇಲ್ಲ. ಚಿತ್ರದಲ್ಲಿ ಬ್ರ್ಯಾಡ್ ಪಿಟ್. ಪುಸ್ತಕದಲ್ಲಿ ತೆವಳುತ್ತ ಬರುವ ಶವಗಳು ಚಿತ್ರದಲ್ಲಿ ನಾಗಾಲೋಟ ಓಡುತ್ತವೆ.

● 'ಐ, ರೋಬಾಟ್' (2004) ಮೊದಲಿಗೆ ಐಸಾಕ್ ಅಸಿಮೊವ್ ಅವರಿಗೆ ಸಂಬಂಧವೇ ಇಲ್ಲದ ಬೇರೊಂದು ಚಿತ್ರಕಥೆ. ಹಕ್ಕು ಸಿಕ್ಕಿದ ಮೇಲೆ ಹೆಸರನ್ನೂ ಮೂರು ನಿಯಮಗಳನ್ನೂ ತಂದು ಸೇರಿಸಿದರು.

● 'ಜಾನ್ ಕಾರ್ಟರ್' (2012) ನೋಡಿದವರಿಗೆ 'ಸ್ಟಾರ್ ವಾರ್ಸ್', 'ಅವತಾರ್' ನಕಲಿನಂತೆ ಕಂಡಿತು. ಎಡ್ಗರ್ ರೈಸ್ ಬರೋಸ್ ಅದನ್ನು ಧಾರಾವಾಹಿಯಾಗಿ ಬರೆದದ್ದು 1912ರಲ್ಲಿ! ನೂರು ವರ್ಷ ಎಲ್ಲರೂ ಅದರಿಂದ ಎರವಲು ಪಡೆದಿದ್ದರು, ಕೊನೆಗೆ ಮೂಲವೇ ನಕಲಾಗಿ ಕಂಡಿತು. ಜತೆಗೆ ಶೀರ್ಷಿಕೆಯಿಂದ ಮಂಗಳ ಗ್ರಹದ ಹೆಸರನ್ನೂ ಕಿತ್ತುಹಾಕಿದ್ದರಿಂದ ಇದು ಯಾವ ಬಗೆಯ ಕಥೆ ಎಂಬುದೇ ಪೋಸ್ಟರ್ ನೋಡಿದವರಿಗೆ ತಿಳಿಯಲಿಲ್ಲ. ಡಿಸ್ನಿ ಲೆಕ್ಕಕ್ಕೆ ಬರೆದುಕೊಂಡ ನಷ್ಟ ಸುಮಾರು 20 ಕೋಟಿ ಡಾಲರ್.

● ಪಾತ್ರಕ್ಕೆ ತಕ್ಕ ನಟ ಸಿಕ್ಕಿಯೂ ಸೋಲುವುದುಂಟು. ಸ್ಟೀಫನ್ ಕಿಂಗ್ ಅವರ 'ದಿ ಡಾರ್ಕ್ ಟವರ್' ಎಂಟು ಕಾದಂಬರಿಗಳ ಮಹಾಯಾನ, 1982ರಿಂದ 2012ರವರೆಗೆ ಪ್ರಕಟವಾದದ್ದು. ಬಂದೂಕುವೀರ ರೋಲಂಡ್ ಆಗಿ ಇದ್ರಿಸ್ ಎಲ್ಬಾ: ಆ ನಿಲುವು, ಆ ಮೌನ, ಆ ದನಿ. ಇದಕ್ಕಿಂತ ಒಳ್ಳೆಯ ಆಯ್ಕೆ ನನಗಂತೂ ತೋಚದು. 2017ರಲ್ಲಿ ಅಷ್ಟನ್ನೂ 95 ನಿಮಿಷದಲ್ಲಿ ಮುಗಿಸಿದರು. ಕಥೆಯ ಕೇಂದ್ರವೂ ರೋಲಂಡ್‌ನಿಂದ ಒಬ್ಬ ಹುಡುಗನತ್ತ ಜಾರಿತು. ಎಲ್ಬಾಗೆ ಆದ ಅನ್ಯಾಯ ನೆನೆದರೆ ಇಂದಿಗೂ ಸಂಕಟವಾಗುತ್ತದೆ.

● 2024ರ 'ಬಾರ್ಡರ್‌ಲ್ಯಾಂಡ್ಸ್' ಚಿತ್ರದ ನಾಯಕಿ ಲಿಲಿತ್ ಗೇಮ್‌ನಲ್ಲಿ ಇಪ್ಪತ್ತರ ಹರೆಯದವಳು. ಚಿತ್ರ ಬಂದಾಗ ಆ ಪಾತ್ರ ಮಾಡಿದ ಕೇಟ್ ಬ್ಲ್ಯಾಂಚೆಟ್‌ಗೆ 55. ಗಂಭೀರ ಸೈನಿಕ ರೋಲಂಡ್ ಆಗಿ ಹಾಸ್ಯನಟ ಕೆವಿನ್ ಹಾರ್ಟ್. ಚಿತ್ರೀಕರಣ ನಡೆದದ್ದು 2021ರಲ್ಲಿ, ರೀಶೂಟ್ 2023ರಲ್ಲಿ, ಅದೂ ಬೇರೆ ನಿರ್ದೇಶಕರ ಕೈಯಲ್ಲಿ. ಬರೆದವರಲ್ಲಿ ಒಬ್ಬರಾದ ಕ್ರೇಗ್ ಮೇಜಿನ್ ತಮ್ಮ ಹೆಸರನ್ನೇ ತೆಗೆಸಿದರು. 11 ಕೋಟಿ ಡಾಲರ್ ಮೇಲೆ ಖರ್ಚು, ಗಳಿಕೆ 3.3 ಕೋಟಿ. ಇದೇ ಮೇಜಿನ್ ಈ ನಡುವೆ 'ದಿ ಲಾಸ್ಟ್ ಆಫ್ ಅಸ್' ಗೇಮ್ ಅನ್ನು ಟಿವಿ ಸರಣಿಯಾಗಿಸಿ ಗೆದ್ದಿದ್ದರು. ಆ ಗೇಮ್ ಬರೆದ ನೀಲ್ ಡ್ರಕ್‌ಮನ್ ಅಲ್ಲಿ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದರು.

● 1994ರ 'ಸ್ಟ್ರೀಟ್ ಫೈಟರ್' ಚಿತ್ರ ಗೇಮ್‌ನ ಮುಖ್ಯ ವೀರರಾದ ರ‍್ಯೂ, ಕೆನ್ ಇಬ್ಬರನ್ನೂ ಹಿಂದಕ್ಕೆ ತಳ್ಳಿ ಜಾನ್ ಕ್ಲಾಡ್ ವ್ಯಾನ್ ಡ್ಯಾಮ್‌ಗಾಗಿ ಗೈಲ್‌ನನ್ನು ನಾಯಕನಾಗಿಸಿತು. ಚಿತ್ರವನ್ನು ವಿಮರ್ಶಕರು ಒಪ್ಪದಿದ್ದರೂ ಖಳ ಬೈಸನ್ ಪಾತ್ರವನ್ನು ಜನ ಮರೆತಿಲ್ಲ. ಅದನ್ನು ಮಾಡಿದ ರೌಲ್ ಜೂಲಿಯಾ ರಂಗಭೂಮಿಯಲ್ಲಿ ಶೇಕ್ಸ್‌ಪಿಯರ್ ಪಾತ್ರಗಳಿಗೆ ಹೆಸರಾದವರು. ಆಗ ಕಾಯಿಲೆ ಅವರನ್ನು ಹಣ್ಣು ಮಾಡಿತ್ತು. ಮಕ್ಕಳಿಗೆ ಆ ಗೇಮ್ ಅಚ್ಚುಮೆಚ್ಚು ಎಂದು ಒಪ್ಪಿಕೊಂಡಿದ್ದರು. ಒಂದೊಂದು ಮಾತನ್ನೂ ದೊಡ್ಡ ನಾಟಕದ ಸಂಭಾಷಣೆಯಂತೆ ತೂಗಿ ಆಡಿದ್ದಾರೆ. ಅವರು ತೀರಿಕೊಂಡದ್ದು ಅಕ್ಟೋಬರ್‌ನಲ್ಲಿ, ಚಿತ್ರ ಬಂದದ್ದು ಡಿಸೆಂಬರ್‌ನಲ್ಲಿ.

● ಗೇಮ್‌ಗಳನ್ನು ಸಾಲುಸಾಲಾಗಿ ಚಿತ್ರ ಮಾಡಿ ಸೋತ ಜರ್ಮನ್ ನಿರ್ದೇಶಕ ಉವೆ ಬೋಲ್ 2006ರಲ್ಲಿ ತಮ್ಮನ್ನು ತೆಗಳಿದ ವಿಮರ್ಶಕರಿಗೆ ಬಾಕ್ಸಿಂಗ್ ಪಂಥಾಹ್ವಾನ ಕೊಟ್ಟು, ಬಂದವರನ್ನು ನಿಜಕ್ಕೂ ಹೊಡೆದು ಗೆದ್ದರು. ಅವರ ಚಿತ್ರಗಳಿಗೆ ಹಣ ಹೇಗೆ ಹುಟ್ಟುತ್ತಿತ್ತು ಎಂದರೆ, ಸಿನಿಮಾದಲ್ಲಿ ಹೂಡಿದವರಿಗೆ ಜರ್ಮನಿಯ ಅಂದಿನ ತೆರಿಗೆ ಕಾನೂನು ದೊಡ್ಡ ರಿಯಾಯಿತಿ ಕೊಡುತ್ತಿತ್ತು.

● 'ಅನ್‌ಚಾರ್ಟೆಡ್' ಚಿತ್ರದ ಮಾತುಕತೆ ಶುರುವಾದಾಗ ಯುವ ನಾಯಕ ನೇಥನ್ ಡ್ರೇಕ್ ಆಗಬೇಕಿದ್ದವರು ಮಾರ್ಕ್ ವಾಲ್‌ಬರ್ಗ್. ನಿರ್ದೇಶಕರು ಒಬ್ಬರಾದ ಮೇಲೊಬ್ಬರು ಬದಲಾಗಿ, 2022ರಲ್ಲಿ ಚಿತ್ರ ಬರುವ ಹೊತ್ತಿಗೆ ನಾಯಕ ಟಾಮ್ ಹಾಲೆಂಡ್. ವಾಲ್‌ಬರ್ಗ್ ಅವನ ಹಿರಿಯ ಗೆಳೆಯ ಸಲಿ. ಗೇಮ್‌ನಲ್ಲಿ ಡ್ರೇಕ್‌ಗೆ ದನಿ ಕೊಟ್ಟ ನೋಲನ್ ನಾರ್ತ್ ಕಡಲತೀರದ ದೃಶ್ಯವೊಂದರಲ್ಲಿ ಕೂತಿದ್ದಾರೆ. ಮುಂದಿನ ಸಲ ನೋಡುವಾಗ ಹುಡುಕಿ.

● 'ಡೈ ಹಾರ್ಡ್' (1988) ನಾಯಕನ ಪಾತ್ರವನ್ನು ಕರಾರಿನ ಪ್ರಕಾರ ಮೊದಲು ಯಾರ ಮುಂದಿಡಬೇಕಾಗಿತ್ತು ಗೊತ್ತೇ? ಗಾಯಕ ಫ್ರ್ಯಾಂಕ್ ಸಿನಾಟ್ರಾ ಮುಂದೆ. 'ಡೈ ಹಾರ್ಡ್' ಮೂಲ ಕಾದಂಬರಿ ಬರೆದ ರಾಡ್ರಿಕ್ ಥಾರ್ಪ್ ಅವರ ಹಿಂದಿನ ಕಾದಂಬರಿಯ ಚಿತ್ರರೂಪದಲ್ಲಿ 1968ರಲ್ಲಿ ಅದೇ ಪತ್ತೇದಾರನ ಪಾತ್ರ ಮಾಡಿದ್ದವರು ಸಿನಾಟ್ರಾ. ಮುಂದಿನ ಭಾಗದ ಮೇಲೆ ಮೊದಲ ಹಕ್ಕು ಅವರದು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು, ಬೇಡವೆಂದರು. ಇನ್ನೂ ಹಲವರು ಬೇಡವೆಂದ ಮೇಲೆ ಪಾತ್ರ ಬಂದದ್ದು ಟಿವಿಯ ಹಾಸ್ಯ ಸರಣಿಯಲ್ಲಿ ಹೆಸರಾಗಿದ್ದ ಬ್ರೂಸ್ ವಿಲ್ಲಿಸ್ ಬಳಿಗೆ. ಕಾದಂಬರಿಯ ವಯಸ್ಸಾದ, ನಿವೃತ್ತ ಪತ್ತೇದಾರ ತೆರೆಯ ಮೇಲೆ ಬರಿಗಾಲಲ್ಲಿ ಒಡೆದ ಗಾಜಿನ ಮೇಲೆ ಓಡುವ ನಡುಹರೆಯದ ಪೊಲೀಸನಾದ. ಹೆಸರು ಬದಲಾಯಿತು, ವಯಸ್ಸು ಬದಲಾಯಿತು. ನೋವಾದರೆ ಕಿರುಚುವ, ಹೆದರುವ, ಹೆದರಿಯೂ ಮುಂದೆ ಹೋಗುವ ಮನುಷ್ಯ ಹಾಗೆಯೇ ಉಳಿದ.